ಸಾರಿನೊಳಗಿನ ಕಡಬು

ಮುರಿಗೆವ್ವ ಕೆಟ್ಟ ಹೆಂಗಸಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಕೇಳಿದವರೆಲ್ಲ ಅವಳ ಮೇಲೇ ಹರಿಹಾಯುತ್ತಾರೆ. ಜೋರಾಪುರ ಪೇಟೆಯ ಅವಳ ಮನೆಗೆ ಬಂದವರು ಚಹಾ ಕುಡಿಯದೆ ಹೋದದ್ದಿಲ್ಲ. ಆದರೆ ಉಣ್ಣುವ ಪದಾರ್ಥದ ಶುದ್ಧಿಯ ಮಾತು ಬಂತೆಂದರೆ ಅವಳ ಮುಂದೆ ಯಾರ ಬೇಳೆಯೂ ಬೇಯುತ್ತಿರಲಿಲ್ಲ, ಗಂಡ ಶಂಕ್ರೆಪ್ಪನದಂತೂ ಮೊದಲೇ ಇಲ್ಲ.

ಎಪ್ಪತ್ತೈದನೇ ಇಸವಿಯ ಚಳಿಗಾಲ. ಮುಂಡಗೋಡದ ಟಿಬೆಟಿಯನ್ ಕ್ಯಾಂಪಿನಿಂದ ಸ್ವೆಟರ್ ಮಾರಲು ವಿಜಾಪುರಕ್ಕೆ ಬಂದ ಪೇಮಾ ಎಂಬ ಹೆಂಗಸು ಮುರಿಗೆವ್ವನ ಮನೆಯ ಹೊರಗಿನ ಖೋಲಿಯನ್ನು ಬಾಡಿಗೆಗೆ ಹಿಡಿದಳು.

"ನಮ್ಮ ಮನ್ಯಾಗ ಖಂಡ ಬೇಯಿಸಾಂಗಿಲ್ಲ ನೋಡವಾ, ಮೊದಲ ಹೇಳೇನಿ," ಎಂದಳು ಮುರಿಗೆವ್ವ.

"ಇಲ್ಲ ಅವ್ವಾ, ಇಲ್ಲ," ಎಂದು ಪೇಮಾ ಎರಡೂ ಕಿವಿ ಹಿಡಿದುಕೊಂಡಳು.

ನಾಲ್ಕು ದಿನ ಕಳೆದಿರಬೇಕು. ಥಂಡಿ ಗಾಳಿಗೆ ಮುರಿಗೆವ್ವ ಕೆಮ್ಮುವುದನ್ನು ಕೇಳಿ, ಸಂಜೆ ಪೇಮಾ ಒಂದು ಬಟ್ಟಲು ಹಿಡಿದು ಒಳಗೆ ಬಂದಳು. ಶುಂಠಿ, ಬೆಳ್ಳುಳ್ಳಿ, ಉಳ್ಳಾಗಡ್ಡಿ ಹಾಕಿ ಕುದಿಸಿದ ತಿಳಿಸಾರು. ಅದರಲ್ಲಿ ತೇಲುವ ಬೆರಳುದ್ದದ ಕಡಬುಗಳು. ಹಿಟ್ಟು ಎಷ್ಟು ತೆಳ್ಳಗೆಂದರೆ ಒಳಗೆ ತುಂಬಿದ್ದು ಕಪ್ಪಗೆ ಹೊರಗೆ ಕಾಣುತ್ತಿತ್ತು.

"ಥಂಡಿಗೆ ಛಲೋ ಅವ್ವಾ. ಬಿಸಿ ಇದ್ದಾಗ ತಿನ್ರಿ."

ಆ ಕಪ್ಪು ಮುರಿಗೆವ್ವನ ಕಣ್ಣಿಗೆ ಚುಚ್ಚಿತು. ಅಯ್ಯ ಶಿವನ, ಇದರಾಗ ಏನ ತುಂಬ್ಯಾಳೋ ಏನೋ! ಮನೆಬಾಗಿಲಿಗೆ ತಂದದ್ದನ್ನು ಒಲ್ಲೆನ್ನಲು ನಾಲಿಗೆ ಏಳಲಿಲ್ಲ, ತಿನ್ನಲು ಕೈ ಏಳಲಿಲ್ಲ. ಹಿತ್ತಲಿಗೆ ಹೋಗಿ ಓಣಿಯ ನಾಯಿಗೆ ಸುರಿದು ಬಂದಳು. ಆದರೆ ಬಂದ ಬಟ್ಟಲನ್ನು ಬರಿದಾಗಿ ಮರಳಿಸುವ ಮನೆತನವೇ ಅವಳದು? ತೊಳೆದು ಒರೆಸಿ, ಹೊನವಾಡದ ಹೊಲದಿಂದ ಬಂದಿದ್ದ ಮೆಂತೆಪಲ್ಲೆ ತುಂಬಿ ಕೊಟ್ಟಳು.

"ಹೆಂಗಿತ್ತು ಅವ್ವಾ?"

"ಭಾಳ ಛಲೋ ಆಗಿತ್ತ ಬಿಡ ನಮ್ಮವ್ವಾ!"

ಹಾಳಾದ ಬಾಯಿ! ಅಷ್ಟು ಹೊಗಳದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಪೇಮಾಳ ಮುಖ ಅರಳಿತು, ಮರುದಿನವೂ ಬಟ್ಟಲು ಬಂತು. ಮುರಿಗೆವ್ವ ಮತ್ತೆ ನಾಯಿಗೆ ಸುರಿದಳು, ಬಟ್ಟಲ ತುಂಬ ಶೇಂಗಾ ಹಿಂಡಿ, ಮನೆಯಲ್ಲೇ ಕುಟ್ಟಿದ ಖಾರದ ಚಟ್ನಿಪುಡಿ, ಹಾಕಿ ಕೊಟ್ಟಳು, ಮತ್ತೆ ಹೊಗಳಿದಳು. ಹೀಗೇ ನಡೆಯಿತು. ಹೊತ್ತು ಮುಳುಗಿದರೆ ಸಾಕು, ನಾಯಿ ಹಿತ್ತಲ ಬಾಗಿಲಲ್ಲಿ ಹಾಜರು.

"ವಾಸನಿ ನೋಡಿದ್ರ ಬಾಯಾಗ ನೀರ ಬರತಾವ. ನನಗರ ಒಂದ ಕೊಡ," ಎಂದು ಶಂಕ್ರೆಪ್ಪ ಒಮ್ಮೆ ಗೋಗರೆದ.

"ಸುಮ್ನ ಕುಂದರ್ರಿ! ಲಿಂಗಾ ಕಟ್ಟಿದ ಮಂದಿ ನಾವು," ಎಂದು ಗದರಿಸಿದಳು.

ಸಂಕ್ರಮಣ ಹತ್ತಿರ ಬಂದಿತ್ತು. ಒಂದು ಸಂಜೆ ಮುರಿಗೆವ್ವ ಹಿತ್ತಲಲ್ಲಿ ಬಟ್ಟಲು ಬಗ್ಗಿಸಿ ತಲೆಯೆತ್ತಿದರೆ ಎದುರಿಗೆ ಪೇಮಾ, ಕೈಯಲ್ಲಿ ನೀರಿನ ಕೊಡ. ನಾಯಿ ಲೊಚಲೊಚ ತಿನ್ನುತ್ತಿತ್ತು.

ಪೇಮಾ ಕೊಡವನ್ನು ಕೆಳಗಿಟ್ಟಳು. "ಅದರಾಗ ಖಂಡ ಇಲ್ಲ ಅವ್ವಾ. ಮೊದಲ್ನೇ ದಿನ ಪಾಲಕ ಪಲ್ಲೆ ಇತ್ತು. ಆಮ್ಯಾಲೆ ಎಲ್ಲಾ ನೀವು ಕೊಟ್ಟದ್ದು. ನಿಮ್ಮ ಮೆಂತೆ, ನಿಮ್ಮ ಶೇಂಗಾ ಹಿಂಡಿ. ನಿಮ್ಮ ಮನಿ ರುಚಿ ನಿಮಗ ಸೇರತೈತಿ ಅಂತ ಅದನ್ನ ತುಂಬಿದೆ."

ಮುರಿಗೆವ್ವನಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಪೇಮಾ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಬಟ್ಟಲನ್ನು ಇಸಿದುಕೊಂಡು ಹೋದವಳು ಹಬ್ಬಕ್ಕೆ ಮೊದಲೇ ಖೋಲಿ ಬಿಟ್ಟಳು.

ಆ ವರ್ಷವಿಡೀ ಮುರಿಗೆವ್ವನಿಗೆ ಆ ಸಂಜೆಯದೇ ಧ್ಯಾನ. ಮತ್ತೆ ಚಳಿ ಬರುವ ಮೊದಲು ಖೋಲಿಗೆ ಸುಣ್ಣ ಹಚ್ಚಿಸಿ, ಬೇರೆ ಯಾರಿಗೂ ಕೊಡದೆ ಕಾದಳು. ಪೇಮಾ ಊರಿಗೆ ಬಂದಳು, ಈ ಮನೆಗೆ ಬರಲಿಲ್ಲ. ಬೇರೆ ಓಣಿಯಲ್ಲಿ ಇಳಿದುಕೊಂಡು ಬಸ್ ಸ್ಟ್ಯಾಂಡಿನ ಹತ್ತಿರ ಸ್ವೆಟರ್ ಹರವಿಕೊಂಡು ಕುಳಿತಿದ್ದಾಳೆಂದು ಶಂಕ್ರೆಪ್ಪ ಬಂದು ಹೇಳಿದ.

ಅಂದೇ ಮುರಿಗೆವ್ವ ಒಲೆ ಹೊತ್ತಿಸಿದಳು. ಗೋಧಿಹಿಟ್ಟು ನಾದಿ ಹಾಳೆಯಂತೆ ಲಟ್ಟಿಸಿದಳು, ಮೆಂತೆ ಹೆಚ್ಚಿ ಹಿಂಡಿ ಬೆರೆಸಿ ತುಂಬಿದಳು, ಶುಂಠಿ ಜಜ್ಜಿ ಸಾರು ಕುದಿಸಿ ಒಂದೊಂದನ್ನೇ ಬಿಟ್ಟಳು. ಕೆಲಸವೇನೂ ಕಷ್ಟದ್ದಲ್ಲ. ಆದರೆ ಉಪ್ಪು ಎಷ್ಟು? ಹುಳಿ ಬೇಕೋ ಬೇಡವೋ? ಇಡೀ ಚಳಿಗಾಲ ಹೊಗಳಿದವಳಿಗೆ ಅಷ್ಟೂ ಗೊತ್ತಿರಲಿಲ್ಲ. ಒಂದನ್ನು ಬಾಯಿಗೆ ಹಾಕಿಕೊಂಡಳು. ಮೆಂತೆಯ ಸಣ್ಣ ಕಹಿ, ಹಿಂಡಿಯ ಖಾರ, ಬಿಸಿ ಸಾರು. ಎಷ್ಟು ರುಚಿಯಾಗಿತ್ತೆಂದರೆ ಅವಳು ಒಲೆಯ ಮುಂದೆಯೇ ಕುಳಿತು ಅತ್ತುಬಿಟ್ಟಳು.

ಬಟ್ಟಲು ಹಿಡಿದು ಬಸ್ ಸ್ಟ್ಯಾಂಡಿಗೆ ಬಂದ ಮುರಿಗೆವ್ವನನ್ನು ಕಂಡು ಪೇಮಾ ಎದ್ದು ನಿಂತಳು.

"ನನ್ನ ಕೈಯಾರೆ ಮಾಡೇನಿ. ತಪ್ಪ ನಂದ ಐತಿ ತಂಗಿ, ಹೊಟ್ಯಾಗ ಹಾಕ್ಕೋ. ಬಿಸಿ ಐತಿ, ಈಗ ತಿನ್ನ."

"ಆಮ್ಯಾಲೆ ತಿಂತೀನಿ ಅವ್ವಾ. ಗಿರಾಕಿ ಅದಾರ," ಎಂದು ಪೇಮಾ ಬಟ್ಟಲನ್ನು ಸ್ವೆಟರಿನ ಗಂಟಿನ ಹಿಂದೆ ಇಟ್ಟಳು. ಅಲ್ಲಿ ಗಿರಾಕಿ ಒಬ್ಬರೂ ಇರಲಿಲ್ಲ.

ಮರುದಿನ ಮುಂಜಾನೆ ಪೇಮಾ ತಾನಾಗಿ ಮನೆಬಾಗಿಲಿಗೆ ಬಂದಳು. ತೊಳೆದ ಬಟ್ಟಲು ಥಳಥಳ ಹೊಳೆಯುತ್ತಿತ್ತು, ಅದರ ತುಂಬ ಬೆಲ್ಲ. ಬರಿದಾಗಿ ಕೊಡಬಾರದೆಂಬುದನ್ನು ಈ ಮನೆಯಲ್ಲೇ ಕಲಿತಿದ್ದಳಲ್ಲ.

"ಹೆಂಗಿತ್ತ ತಂಗಿ?" ಎಂದಳು ಮುರಿಗೆವ್ವ, ಬಟ್ಟಲನ್ನು ಇಸಿದುಕೊಳ್ಳುತ್ತ.

"ಭಾಳ ಛಲೋ ಆಗಿತ್ತು ಬಿಡ್ರಿ ಅವ್ವಾ," ಎಂದು ಪೇಮಾ ನಕ್ಕು, ಮೆಟ್ಟಿಲಿಳಿದು ಹೋದಳು.

ತಿಂದು ಹೇಳಿದಳೋ, ತಿನ್ನದೆ ಹೇಳಿದಳೋ? ಕೂಗಿ ಕರೆದು ಕೇಳಬೇಕೆಂದು ಮುರಿಗೆವ್ವ ಹೊಸ್ತಿಲ ತನಕ ಓಡಿದಳು. ಆದರೆ ಆ ಮಾತು ಕೇಳಲು ಅವಳಿಗೆ ಬಾಯಿ ಎಲ್ಲಿತ್ತು?