ಸೀರೆಯ ತುಂಡಿನಷ್ಟು ಅಂಗಳ

ಹಂಪಮ್ಮ ಮಗಳನ್ನು ಕಟ್ಟಿಹಾಕಿ ಕಟ್ಟಡದ ಕೂಲಿಗೆ ಹೋಗುತ್ತಿದ್ದಳು. ಹಳೇ ಸೀರೆ ಹರಿದು ಒಂದು ತುದಿ ಭಾಗ್ಯಶ್ರೀಯ ಸೊಂಟಕ್ಕೆ, ಇನ್ನೊಂದು ತುದಿ ಕಂಬಕ್ಕೆ. ಬಿಟ್ಟರೆ ಮೂರು ವರ್ಷದ ಕೂಸು ಲಿಫ್ಟಿನ ಗುಂಡಿಗೆ ಬೀಳಬೇಕು, ಇಲ್ಲವೇ ಲಾರಿ ಗಾಲಿಗೆ ಸಿಗಬೇಕು. ಯಾದಗಿರಿ ಕಡೆಯಿಂದ ಬಂದ ಹೆಂಗಸರೆಲ್ಲ ಹೀಗೇ ಮಾಡುತ್ತಿದ್ದರು. ಯಾವ ತಾಯಿಗೆ ಇದು ಇಷ್ಟ? ಹೊಟ್ಟೆ ಕೇಳಬೇಕಲ್ಲ.

ತೆಲುಗು ನಾಡಿನ ಸನತ್‌ನಗರದಲ್ಲಿ ಮುಚ್ಚಿದ ಕಾರ್ಖಾನೆಯೊಂದರ ಜಾಗದಲ್ಲಿ ಸಾಫ್ಟ್‌ವೇರ್ ಮಂದಿಗಾಗಿ ಮನೆಗಳು ಏಳುತ್ತಿದ್ದವು. ಮನೆ ಮುಗಿಯುವ ಮೊದಲೇ ಅವರ ಮಕ್ಕಳಿಗೆ ಶಿಶುವಿಹಾರ ಸಿದ್ಧವಾಗಿತ್ತು. ಗೋಡೆ ತುಂಬ ಚಿತ್ರ. ಹೊರಗೆ ಜೋಕಾಲಿ, ಜಾರುಬಂಡಿ, ಮೆತ್ತನೆಯ ಮರಳು. ಆ ಮರಳನ್ನು ಜರಡಿ ಹಿಡಿದವಳು ಹಂಪಮ್ಮ. ಕೂಲಿಯವರ ಮಕ್ಕಳಿಗೂ ಒಂದು ಕೋಣೆ ಇರಬೇಕೆಂದು ಕಾನೂನಿತ್ತಂತೆ. ಕೋಣೆ ಮಾತ್ರ ಇರಲಿಲ್ಲ.

ಒಂದು ಬೆಳಿಗ್ಗೆ ಮ್ಯಾನೇಜರ್ ಉಪೇಂದ್ರ ಓಡೋಡಿ ಬಂದ. ಮೈಸೂರಿನವನು, ಬೆಣ್ಣೆಯಂಥ ಮಾತು.

"ಮಕ್ಕಳ ಕಟ್ಟೆಲ್ಲ ಬಿಚ್ಚಿ, ಮುಖ ತೊಳೆದು ಶಿಶುವಿಹಾರಕ್ಕೆ ಕರ್ಕೊಂಡ್ಬನ್ನಿ. ಲೇಬರ್ ಆಫೀಸರ್ ಬರ್ತಿದ್ದಾರೆ. ಕೇಳಿದ್ರೆ, ದಿನಾ ಇಲ್ಲೇ ಆಡ್ತಾವೆ ಅನ್ನಿ. ಇಲ್ಲಾಂದ್ರೆ ನಾಳೆಯಿಂದ ಕೆಲಸ ಇಲ್ಲ."

"ಅವ್ರು ಹೋದಮ್ಯಾಲೂ ಆಡಬಹುದೇನ್ರಿ?" ಹಂಪಮ್ಮ ಆಸೆಯಿಂದ ಕೇಳಿದಳು.

"ನೋಡೋಣಮ್ಮ."

ಸಾಹೇಬರು ಬಂದರು. ದೊಡ್ಡ ಮಕ್ಕಳು ಜೋಕಾಲಿಗೆ ಮುಗಿಬಿದ್ದವು. ಭಾಗ್ಯಶ್ರೀ ಜಾರುಬಂಡಿಯ ಕಡೆ ನಾಲ್ಕು ಹೆಜ್ಜೆ ಇಟ್ಟು ನಿಂತಳು. ಇತ್ತ ತಿರುಗಿದಳು, ಅಷ್ಟೇ ದೂರ ಹೋಗಿ ಮತ್ತೆ ನಿಂತಳು. ಸೊಂಟಕ್ಕೆ ಕಟ್ಟಿದ ಸೀರೆಯ ತುಂಡು ಈಗ ಇರಲಿಲ್ಲ. ಆದರೂ ಅದರ ಉದ್ದ ಕೂಸಿಗೆ ಗೊತ್ತಿತ್ತು.

ಈ ಮಗು ಯಾಕೆ ಆಡುತ್ತಿಲ್ಲ ಎಂದು ಸಾಹೇಬರು ತೆಲುಗಿನಲ್ಲಿ ಕೇಳಿದರು.

"ದಿನಾ ಕಟ್ಟಿ ಹಾಕ್ತೀವ್ರಿ ಸಾಹೇಬ್ರ! ಅದಕ್ಕ ಮುಂದ ಹೋಗಾಕ ಅಂಜತೈತಿ," ಎಂದಳು ಹಂಪಮ್ಮ.

ಕನ್ನಡ ತಿಳಿಯದ ಸಾಹೇಬರು ಉಪೇಂದ್ರನ ಮುಖ ನೋಡಿದರು. ಮಗುವಿಗೆ ಜ್ವರವಂತೆ ಎಂದು ಅವನು ತೆಲುಗಿನಲ್ಲಿ ಹೇಳಿಬಿಟ್ಟ.

ಸಂತೆ ಮಾಡುವಷ್ಟು ತೆಲುಗು ಹಂಪಮ್ಮನಿಗೂ ಬರುತ್ತಿತ್ತು. ಜ್ವರವಿಲ್ಲ, ಕಟ್ಟಿಹಾಕುತ್ತೇವೆ ಎಂದು ಆ ಹರಕು ತೆಲುಗಿನಲ್ಲೇ ಕೂಗಿದಳು. ಸಾಹೇಬರಿಗೆ ಕೇಳಿಸಿತು. ಕೇಳಿಸದವರಂತೆ ಗಡಿಯಾರ ನೋಡಿಕೊಂಡು ಕಾರು ಹತ್ತಿದರು. ಥೂ, ಅದೂ ಒಂದು ಜನ್ಮವೇ!

ಕಾರು ಮರೆಯಾಗಿದ್ದೇ ತಡ, ಉಪೇಂದ್ರನ ಬೆಣ್ಣೆಮಾತು ಕರಗಿಹೋಯಿತು.

"ಮಕ್ಕಳನ್ನ ಎಳ್ಕೊಂಡ್ಹೋಗಿ, ಮರಳೆಲ್ಲ ಗಲೀಜು. ಹಂಪಮ್ಮ, ನಿಂದು ಇವತ್ತಿಗೆ ಮುಗೀತು!"

ಹಂಪಮ್ಮ ಹೋಗಲಿಲ್ಲ. ಜಾರುಬಂಡಿಯ ಬುಡದಲ್ಲಿ ಕೂತು ಮಗಳತ್ತ ಕೈಚಾಚಿದಳು.

"ಬಾರವ್ವ, ಇನ್ನೊಂಚೂರು ಬಾ."

ಕೂಸು ಕಾಲೆತ್ತಿತು, ಅಲ್ಲೇ ಇಟ್ಟಿತು. ನೋಡುತ್ತಿದ್ದ ಜೊತೆಯ ಕೂಲಿಯವಳು ಹುಸೇನಮ್ಮ ಗಾರೆಬುಟ್ಟಿ ಇಳಿಸಿ ಹಂಪಮ್ಮನ ಪಕ್ಕ ಕುಕ್ಕರಿಸಿದಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಮೇಲಿನಿಂದ ಮೇಸ್ತ್ರಿಗಳು ಗಾರೆ ಗಾರೆ ಎಂದು ಅರಚತೊಡಗಿದರು.

"ಏನ್ರೇ ಇದು? ಕೆಲಸ ಯಾರು ಮಾಡೋರು?" ಎಂದು ಉಪೇಂದ್ರ ಕೂಗಿದ.

"ಕೂಸಿಗೆ ನಡಿಯಾಕ ಕಲಿಸಾಕತ್ತೀನ್ರಿ," ಎಂದಳು ಹಂಪಮ್ಮ. "ಕಲಿಯೋತನಕ ನಾವ್ಯಾರೂ ಏಳಂಗಿಲ್ಲ."