ಬಾಪೂಸಾಹೇಬರ ಅಂಗಳದ ಯಾತ್ರೆ

ದೇಹದಲ್ಲಿದ್ದೂ ದೇಹವನ್ನು ಗೆದ್ದ ಶ್ರೀ ಜಿನೇಂದ್ರನ ಚರಣಗಳಿಗೆ ನಮಿಸಿ, ಸ್ವಂತ ಕಾಲುಗಳನ್ನೇ ಇನ್ನೂ ಗೆಲ್ಲದಿದ್ದ ಒಬ್ಬ ಶ್ರಾವಕನ ಕಥೆಯನ್ನು ಹೇಳುತ್ತೇನೆ.

ಕೊರೋಚಿಯ ಬಾಪೂಸಾಹೇಬರಿಗೆ ಅರವತ್ತೆಂಟು ವರ್ಷ. ಇಪ್ಪತ್ತು ಮಗ್ಗಗಳ ಒಡೆಯರು. ಬೆಳಗಿನಿಂದ ಸೂರ್ಯಾಸ್ತದವರೆಗೆ ಪಡಸಾಲೆಯ ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವರು. ೧೯೬೧ರ ಚಾತುರ್ಮಾಸಕ್ಕೆ ದಿಗಂಬರ ಮುನಿಗಳೊಬ್ಬರು ಊರಲ್ಲಿ ನೆಲೆನಿಂತಾಗ, ಸ್ವಂತ ಮನೆ ಮತ್ತು ಎದುರಿನ ಬಸದಿಯ ಹೊರತು ದೀಪಾವಳಿಯವರೆಗೆ ಎಲ್ಲಿಯೂ ಕಾಲಿಡೆನೆಂದು ಬಾಪೂಸಾಹೇಬರು ದೇಶವ್ರತ ಹಿಡಿದರು. ಊರು ಕೊಂಡಾಡಿತು. ಹೆಂಡತಿ ರತ್ನಮಾಲಾ ಮಾತ್ರ, "ನಡ್ಯಾಕ ಬ್ಯಾಸರ ಇದ್ದವ್ರಿಗೆ ಇದಕ್ಕಿಂತ ಹಗೂರ ವ್ರತ ಇಲ್ಲ ಬಿಡ್ರಿ" ಎಂದರು.

ಒಂದು ಮುಂಜಾನೆ ಮುನಿಗಳು ಆಹಾರಕ್ಕೆಂದು ಹೊರಟು ಇವರ ಬಾಗಿಲತ್ತಲೇ ಬಂದರು. ಅಂಥ ಭಾಗ್ಯ ಒದಗಿದಾಗ ದಂಪತಿಗಳು ಕಲಶ ಹಿಡಿದು, "ನಮೋಸ್ತು, ತಿಷ್ಠ ತಿಷ್ಠ" ಎಂದು ಬೇಡಿ, ಮುನಿಗಳಿಗೆ ಮೂರು ಪ್ರದಕ್ಷಿಣೆ ಹಾಕಬೇಕು. ಅವರು ನಿಂತು ಉಣ್ಣುವಷ್ಟು ಹೊತ್ತು ತಾವೂ ನಿಂತಿರಬೇಕು. ಆಗತಾನೆ ಗಾದಿಯಿಂದೆದ್ದ ಬಾಪೂಸಾಹೇಬರ ಕಾಲುಗಳಿಗೆ ಜೋಮು ಹಿಡಿದಿತ್ತು. ಎರಡನೆಯ ಸುತ್ತಿನಲ್ಲಿ ಅವರು ಹೆಂಡತಿಯ ಮೇಲೆಯೇ ಕುಸಿದರು, ಕಲಶ ಉರುಳಿತು. ಆಹಾರಕ್ಕೆ ಅಂತರಾಯವಾಯಿತೆಂದು ಮುನಿಗಳು ಉಣ್ಣದೆಯೇ ಮುಂದೆ ನಡೆದರು. ಬಾಪೂಸಾಹೇಬರು ಆ ದಿನ ಊಟ ಮಾಡಲಿಲ್ಲ.

ವೈದ್ಯ ಪರಪ್ಪನವರು ಊದಿದ ಪಾದವನ್ನು ಒತ್ತಿ ನೋಡಿದರು.

"ಸಾಹುಕಾರ್ರ, ರಕ್ತ ಕೆಳಗ ಇಳಿಯೂದು ಸಸಾರ. ಮ್ಯಾಲ ಏರಬೇಕಂದ್ರ ಮೀನಖಂಡ ಹಿಂಡಿ ದಬ್ಬಬೇಕು. ನೀವು ಮಡಚಿಕೊಂಡ ಕುಂತ್ರ ಅದು ಹೆಂಗ ಏರೂದು? ದಿನಾ ಒಂದ ಮೈಲು ನಡೀರಿ."

"ವ್ರತ ಐತಲ್ರೀ ನಂದು!"

"ವ್ರತ ಊರಿಗೆ ಐತಿ, ಅಂಗಳಕ್ಕಿಲ್ಲ" ಎಂದರು ರತ್ನಮಾಲಾ.

ಅಂಗಳದ ಒಂದು ಸುತ್ತಿಗೆ ಐವತ್ತು ಹೆಜ್ಜೆ. ಮೈಲಿಗೆ ನಲವತ್ತು ಸುತ್ತು. ಆದರೆ ಮಳೆಗಾಲದ ನೆಲದ ತುಂಬ ಇರುವೆ. ಜೀವಹಿಂಸೆಯಾಗದಂತೆ ಮೆತ್ತನೆಯ ಕಸಬರಿಗೆಯಿಂದ ಮುಂದೆ ಗುಡಿಸುತ್ತ, ಗುಡಿಸಿದ ಜಾಗದಲ್ಲೇ ಹೆಜ್ಜೆಯಿಡಬೇಕಾಯಿತು. ಇಪ್ಪತ್ತು ಮಗ್ಗಗಳ ಒಡೆಯರು ದಿನವೂ ನಲವತ್ತು ಬಾರಿ ಅಂಗಳ ಗುಡಿಸುವುದನ್ನು ಓಣಿಯೇ ಗೋಡೆಯಾಚೆಯಿಂದ ನೋಡಿತು.

"ನಿಮ್ಮದು ಮುಗೀತಂದ್ರ ನಮ್ಮ ಅಂಗಳಕ್ಕೂ ಬರ್ರಿ ಸಾಹುಕಾರ್ರ!" ಎಂದಳು ನೆರೆಯ ಬಾಳಕ್ಕ.

"ಬರ್ತಿದ್ದೆ ಬಾಳಕ್ಕ, ಏನ ಮಾಡ್ಲಿ, ವ್ರತ ಬಿಡಂಗಿಲ್ಲ!"

ತಿಂಗಳೆರಡು ಕಳೆಯುವಷ್ಟರಲ್ಲಿ ಪಾದದ ಊತ ಇಳಿಯಿತು. ಮುನಿಗಳು ಮಾತ್ರ ದಿನವೂ ಬೇರೆ ಮನೆಗಳತ್ತ ತಿರುಗುತ್ತಿದ್ದರು. ದೀಪಾವಳಿ ಕಳೆದರೆ ಅವರು ಊರು ಬಿಟ್ಟು ವಿಹಾರ ಹೊರಡುವುದು ನಿಶ್ಚಿತ. ಬಾಪೂಸಾಹೇಬರಿಗೆ ನಿದ್ದೆ ಹತ್ತದಾಯಿತು.

ದೀಪಾವಳಿಗೆ ಎರಡು ದಿನ ಮುಂಚಿನ ತ್ರಯೋದಶಿಯ ಮುಂಜಾನೆ ಮುನಿಗಳು ಬಂದರು. ಒಂದು ಸುತ್ತು, ಎರಡು, ರತ್ನಮಾಲಾ ಕಲಶವನ್ನು ಬಿಗಿಯಾಗಿ ಅಪ್ಪಿಕೊಂಡರು, ಮೂರು. ಮುನಿಗಳು ನಿಂತರು. ಅವರ ಅಂಜಲಿಗೆ ತುತ್ತು ನೀಡುತ್ತ, ಬಿಸಿನೀರು ಎರೆಯುತ್ತ ಬಾಪೂಸಾಹೇಬರು ಕೊನೆಯವರೆಗೂ ಕಂಬದಂತೆ ನಿಂತಿದ್ದರು.

ಮುನಿಗಳು ಹರಸಿ ಹೋದ ಮೇಲೆ ಹೆಂಡತಿ ಮೆಲ್ಲನೆ ಕೇಳಿದರು: "ಕಾಲ ಹೆಂಗ ಅದಾವ್ರಿ?"

"ಕಾಲಾ?" ಬಾಪೂಸಾಹೇಬರು ಬಗ್ಗಿ ನೋಡಿಕೊಂಡರು. "ಅಯ್ಯ, ಇವು ಅದಾವ ಅನ್ನೂದ ಮರತಿದ್ದೆ ನೋಡು!"

ಈ ಕಥೆ ಕೇಳಿದವರೆಲ್ಲರ ನಾಳಗಳಲ್ಲಿ ರಕ್ತವು ಪಂಚಗಂಗಾ ಹೊಳೆಯಂತೆ ತಡೆಯಿಲ್ಲದೆ ಹರಿಯಲಿ. ಮುಪ್ಪಿನಲ್ಲಿಯೂ ಅತಿಥಿಯನ್ನು ಎದ್ದುನಿಂತು ಬರಮಾಡಿಕೊಳ್ಳುವ ಬಲವು ಅವರ ಪಾದಗಳಲ್ಲಿರಲಿ.