ಗಾಳಿ ಹಾಸಿಗೆಗೊಂದು ಪ್ಲಗ್ಗು

ನಾನು ಒಂದು ಗಾಳಿ ಹಾಸಿಗೆ. ನಗಬೇಡಿ. ಕೂಲಿಂಗ್ ಗ್ಲಾಸ್ ಹಾಕ್ಕೊಂಡು ಸಮುದ್ರದ ದಡದಲ್ಲಿ ಮಲಗ್ತಾರಲ್ಲ, ಆ ಜಾತಿ ಅಲ್ಲ. ನಾನು ಆಸ್ಪತ್ರೆ ಹಾಸಿಗೆ. ಮಗ್ಗಲು ಬದಲಾಯಿಸಕ್ಕೂ ಆಗ್ದೆ ಮಲಗಿದಲ್ಲೇ ಮಲಗಿರೋರಿಗೆ ಬೆನ್ನು ಕೊಳೆತು ಹುಣ್ಣಾಗುತ್ತೆ ನೋಡಿ, ಅದು ಆಗ್ದೆ ಇರ್ಲಿ ಅಂತ ನನ್ನ ಮಾಡಿರೋದು. ಮೈತುಂಬಾ ಸಾಲು ಸಾಲು ಗುಳ್ಳೆ. ಜೊತೆಗೊಂದು ಪಂಪು, ಟಿಫನ್ ಡಬ್ಬಿ ಗಾತ್ರದ್ದು. ಅದು ಗುರ್ರ್ ಅಂತ ಊದ್ತಿದ್ರೆ ಒಂದು ಸಾಲು ಉಬ್ಬುತ್ತೆ, ಪಕ್ಕದ್ದು ಇಳಿಯುತ್ತೆ. ಆಮೇಲೆ ಅದು ಉಬ್ಬುತ್ತೆ, ಇದು ಇಳಿಯುತ್ತೆ. ಮಲಗಿರೋರ ಭಾರ ಒಂದೇ ಕಡೆ ಕೂರಲ್ಲ. ಮೈ ಹಾಸಿಗೆ, ಉಸಿರು ಪಂಪು, ಎರಡೂ ಸೇರಿದ್ರೆ ನಾನು. ಉಸಿರಾಡೋದು ಬಿಟ್ಟು ನಂಗೆ ಬೇರೆ ಏನೂ ಬರಲ್ಲ.

ಹುಟ್ಟಿದ್ದು ಫ್ಯಾಕ್ಟರೀಲಿ. ಒಬ್ಳು ಹುಡುಗಿ ನನ್ನ ಊದಿ ನೀರಿನ ತೊಟ್ಟೀಲಿ ಮುಳುಗಿಸಿ, ಎಲ್ಲಾದ್ರೂ ಗುಳ್ಳೆ ಏಳುತ್ತಾ ಅಂತ ನೋಡಿದ್ಳು. ಏಳಲಿಲ್ಲ. "ಪಾಸು" ಅಂದು ಬೆನ್ನು ತಟ್ಟಿದ್ಳು. ಜೀವನದಲ್ಲಿ ನಾನು ಪಾಸಾಗಿದ್ದು ಆ ಒಂದೇ ಪರೀಕ್ಷೆ.

ಮಾರ್ಚ್ ಮುಗಿಯೋದ್ರೊಳಗೆ ಬಂದ ಹಣ ಖರ್ಚಾಗಿಬಿಡ್ಬೇಕಂತೆ, ಇಲ್ದಿದ್ರೆ ವಾಪಸ್ ಹೋಗುತ್ತಂತೆ. ಹಂಗಾಗಿ ಒಂದು ಜಿಲ್ಲಾಸ್ಪತ್ರೆಯವರು ನಮ್ಮನ್ನ ಗಡಿಬಿಡೀಲಿ ತರಿಸಿಕೊಂಡ್ರು. ಇಪ್ಪತ್ತು ಜನ ಬಂದ್ವಿ. ನಮ್ಮ ಮುಂದೆ ನಿಂತು ಫೋಟೋ ಹೊಡೆಸಿಕೊಂಡ್ರು, ಕುಂಕುಮ ಇಟ್ರು, ಹಾರ ಹಾಕಿದ್ರು. ಒಬ್ಬ ದೊಡ್ಡ ಮನುಷ್ಯ ಬೆರಳಲ್ಲಿ ನನ್ನ ಒತ್ತಿ "ಸಾಫ್ಟಾಗಿದೆ" ಅಂದ. ಎಲ್ರೂ ಚಪ್ಪಾಳೆ ತಟ್ಟಿದ್ರು. ಆಮೇಲೆ ನಮ್ಮನ್ನೆಲ್ಲ ಸುತ್ತಿ ಸ್ಟೋರ್ ರೂಮಿಗೆ ಹಾಕಿ ಬೀಗ ಜಡಿದ್ರು.

ಸ್ಟೋರಿನ ಯಜಮಾನ ಪರಮಶಿವಯ್ಯ. ಕೆಟ್ಟ ಮನುಷ್ಯ ಅಲ್ಲ. ಹೆದರಿದ ಮನುಷ್ಯ. ಸಾಮಾನು ಹೊರಗೆ ಹೋದ್ರೆ ಹಾಳಾಗುತ್ತೆ, ಹಾಳಾದ್ರೆ ತನ್ನ ಸಂಬಳದಲ್ಲಿ ಹಿಡೀತಾರೆ ಅನ್ನೋದು ಅವನ ಭಯ. ಒಳಗೆ ವೀಲ್‌ಚೇರುಗಳಿದ್ವು, ಮೈಮೇಲಿನ ಪ್ಲಾಸ್ಟಿಕ್ ಕೂಡ ಹರಿದಿರಲಿಲ್ಲ. ಕಟ್ಟು ಕಟ್ಟು ಬೆಡ್‌ಶೀಟ್ ಇದ್ವು, ಅದ್ರಲ್ಲಿ ಇಲಿಗಳು ಬಾಣಂತನ ಮಾಡ್ಕೋತಿದ್ವು. ವಾರ್ಡಲ್ಲಿ ರೋಗಿಗಳು ಮನೆಯಿಂದ ತಂದ ಕಂಬಳಿ ಮೇಲೆ ಮಲಗಿದ್ರೆ ಇಲಿಗಳು ಸರ್ಕಾರಿ ಹೊಸ ಬಟ್ಟೆ ಮೇಲೆ! ಬೆಳಿಗ್ಗೆ ಸಂಜೆ ಬಂದು ಎಲ್ಲಾ ಇದೆಯಾ ಅಂತ ನೋಡಿ ಪರಮಶಿವಯ್ಯ ಸಮಾಧಾನ ಪಟ್ಕೋತಿದ್ದ. ಸುತ್ತಿಟ್ಟ ಹಾಸಿಗೆಗೆ ಉಸಿರಿಲ್ಲ. ನಾನು ಹಂಗೇ ಬಿದ್ದಿದ್ದೆ.

ಒಂದಿನ ಬಾಗಿಲಲ್ಲಿ ಜಗಳ.

"ಸಾರ್, ಒಂದು ಗಾಳಿ ಹಾಸಿಗೆ ಕೊಡಿ. ಮೂಳೆ ವಾರ್ಡಲ್ಲಿ ಒಬ್ರಿಗೆ ಬೆನ್ನು ಕೆಂಪಾಗಿ ಹುಣ್ಣಾಗ್ತಿದೆ," ಅಂದ್ರು ಹೇಮಲತಾ ಸಿಸ್ಟರು. ಇಡೀ ವಾರ್ಡಿಗೆ ಅವರೊಬ್ರೇ.

"ತೂತಾದ್ರೆ ಯಾರು ಕಟ್ಟೋರು, ನಿಮ್ಮಪ್ಪನಾ?"

"ನಮ್ಮಪ್ಪ ಹೋಗಿ ಹತ್ತು ವರ್ಷ ಆಯ್ತು ಸಾರ್, ಕೇಳ್ತೀನಂದ್ರೂ ಸಿಗಲ್ಲ. ನಾನು ಸೈನ್ ಹಾಕ್ತೀನಿ, ಕೊಡಿ."

ಹಂಗೆ ನಾನು ಹೊರಗೆ ಬಂದೆ. ನನ್ನ ಮೇಲೆ ಮಲಗಿದೋನ ಹೆಸರು ತಿಪ್ಪೇಶ.

ತಿಪ್ಪೇಶ ಊರಲ್ಲೆಲ್ಲ ಫ್ಲೆಕ್ಸ್ ಕಟ್ಟೋನು. ಹುಟ್ಟುಹಬ್ಬ, ಗೃಹಪ್ರವೇಶ, ಶ್ರದ್ಧಾಂಜಲಿ ಯಾವುದಾದ್ರೂ ಸರಿ, ಕಂಬ ಹತ್ತಿ ಕಟ್ಟಿ ಇಳೀತಿದ್ದ. ಅವನು ಬಿದ್ದಿದ್ದು ಇದೇ ಆಸ್ಪತ್ರೆ ಗೇಟಲ್ಲಿ. ಉಚಿತ ಆರೋಗ್ಯ ಮೇಳದ ಫ್ಲೆಕ್ಸ್ ಕಟ್ತಾ ಇದ್ನಂತೆ. ಸೊಂಟದ ಮೂಳೆ ಚೂರಾಯ್ತು.

"ನೋಡಿ ಸಿಸ್ಟರ್, ಆಂಬುಲೆನ್ಸ್ ಖರ್ಚು ಉಳಿಸಿದೀನಿ," ಅಂತಿದ್ದ. "ಸೀದಾ ಗೇಟಿಗೇ ಬಿದ್ದೆ. ಆದ್ರೂ ಸ್ಟ್ರೆಚರ್ ಬರಕ್ಕೆ ಮುಕ್ಕಾಲು ಗಂಟೆ ಹಿಡೀತು. ಅಷ್ಟೊತ್ತಿಗೆ ಇನ್ನೊಂದು ಫ್ಲೆಕ್ಸ್ ಕಟ್ಟಬೋದಿತ್ತು."

ಹೆಂಡ್ತಿ ಮಾರಕ್ಕ ತಲೆ ಮೇಲೊಂದು ಕುಟ್ಟೋಳು. "ಬಾಯಿ ಮುಚ್ಕಂಡು ಬಿದ್ಕ. ಬಾಯೊಂದು ಮುರಿದಿಲ್ಲ ನೋಡು ಇವ್ನಿಗೆ."

ಡಾಕ್ಟ್ರು ಬೆಳಿಗ್ಗೆ ಗಾಳಿ ಥರ ಬಂದು ಗಾಳಿ ಥರ ಹೋಗೋರು. ಅವರು ಹೇಳಿದ್ದು ಇಷ್ಟೇ. ಮೂಳೆ ಕೂಡ್ಕೋತಿದೆ. ಆದ್ರೆ ಬೆನ್ನಿನ ಹುಣ್ಣು ಒಣಗಬೇಕು. ಒಣಗಿದ್ರೆ ವಾಕರ್ ಕೊಟ್ಟು ನಿಲ್ಲಿಸ್ತೀನಿ. ಒಣಗ್ಲಿಲ್ಲ ಅಂದ್ರೆ ನಂಜು ರಕ್ತಕ್ಕೆ ಸೇರುತ್ತೆ, ಆಮೇಲೆ ನನ್ನ ಕೇಳಬೇಡಿ.

ಕೇಳಿದ್ರಲ್ಲ, ತಿಪ್ಪೇಶ ನಿಲ್ಲೋದು ಬಿಡೋದು ನನ್ನ ಉಸಿರಿನ ಮೇಲಿತ್ತು.

ನನ್ನ ಉಸಿರು ಯಾವುದ್ರ ಮೇಲಿತ್ತು ಗೊತ್ತಾ? ಒಂದು ಪ್ಲಗ್ಗಿನ ಮೇಲೆ. ಅಷ್ಟು ದೊಡ್ಡ ವಾರ್ಡಲ್ಲಿ ಕರೆಂಟ್ ಬರ್ತಿದ್ದ ಸಾಕೆಟ್ಟು ಒಂದೇ, ಕಿಟಕಿ ಪಕ್ಕದ್ದು. ಮಿಕ್ಕಿದ್ದೆಲ್ಲ ಬಾಯಿ ಸುಟ್ಕೊಂಡಿದ್ವು. ವಾರ್ಡಿನ ಫೋನುಗಳೆಲ್ಲ ಅಲ್ಲೇ ಊಟ ಮಾಡ್ತಿದ್ವು. ಹೇಮಲತಾ ಸಿಸ್ಟರು ತಿಪ್ಪೇಶನ ಮಂಚಾನೇ ಅಲ್ಲಿಗೆ ತಳ್ಳಿಸಿ ನನ್ನ ಪ್ಲಗ್ಗು ಚುಚ್ಚಿದ್ರು.

ಮೊದಲನೇ ಮಧ್ಯಾಹ್ನವೇ ಎದುರು ಬೆಡ್ಡಿನ ಮುದುಕಪ್ಪನ ಅಳಿಯ ಕ್ರಿಕೆಟ್ ನೋಡಕ್ಕೆ ಫೋನ್ ಚಾರ್ಜ್ ಹಾಕ್ಬೇಕಂತ ನನ್ನ ಪ್ಲಗ್ಗು ಕಿತ್ತ. ನಾನು ಪುಸ್ಸ್ ಅಂತ ಇಳಿದೆ. ತಿಪ್ಪೇಶನ ಸೊಂಟ ಕಬ್ಬಿಣದ ಮಂಚಕ್ಕೆ ತಾಗಿ "ಅವ್ವಾ!" ಅಂತ ಕೂಗಿದ.

ಮಾರಕ್ಕ ಬಂದ್ಳು ನೋಡಿ. "ಏನಪ್ಪಾ ಅಳಿಯದೇವ್ರು! ಮ್ಯಾಚಲ್ಲಿ ನಿನ್ನ ಕರ್ದವ್ರಾ ಬ್ಯಾಟಿಂಗಿಗೆ? ನನ್ ಗಂಡನ ಬೆನ್ನು ಬ್ಯಾರೆ, ನಿನ್ ಫೋನು ಬ್ಯಾರೆ ಅಂತ ಗೊತ್ತಾಗಕಿಲ್ವಾ?"

"ಇದು ಹಾಸಿಗೇದು ಅಂತ ನಂಗೇನಕ್ಕ ಗೊತ್ತು? ಸೊಳ್ಳೆ ಮಿಷಿನ್ ಅನ್ಕಂಡೆ!"

ವಾರ್ಡೆಲ್ಲ ನಕ್ತು. ತಿಪ್ಪೇಶನೂ ನೋವಲ್ಲೇ ನಕ್ಕ. ಹೇಮಲತಾ ಸಿಸ್ಟರು ಗಾಯಕ್ಕೆ ಹಾಕೋ ಬಿಳಿ ಪ್ಲಾಸ್ಟರ್ ಹರಿದು, ಅದ್ರ ಮೇಲೆ ಪೆನ್ನಲ್ಲಿ "ತೆಗೀಬೇಡಿ" ಅಂತ ಬರೆದು ಸಾಕೆಟ್ಟಿಗೆ ಅಂಟಿಸಿದ್ರು. ಆಮೇಲೆ ಯಾರೂ ಮುಟ್ಟಲಿಲ್ಲ. ಎಲ್ಲಾ ಹೊರಗೆ ಟೀ ಅಂಗಡೀಲಿ ಚಾರ್ಜ್ ಮಾಡಿಸ್ಕೊಂಡು ಬರೋರು. ಅಳಿಯದೇವ್ರು ದಿನಾ ಬಂದು "ಏನ್ ತಿಪ್ಪೇಶಣ್ಣ, ಗಾಳಿ ಐತಾ?" ಅಂತ ವಿಚಾರಿಸ್ಕೊಂಡು ಹೋಗೋನು. ಜನ ಒಳ್ಳೇವ್ರೇ ಕಣ್ರೀ. ಒಂದು ಚೂರು ಪ್ಲಾಸ್ಟರ್ ಸಾಕು ಅವರಿಗೆ.

ಹುಣ್ಣು ಒಣಗ್ತಾ ಬಂತು. ನಾನು ಕೆಳಗಿಂದ ನೋಡ್ತಿದ್ನಲ್ಲ, ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಒದ್ದೆ ನಿಂತೋಯ್ತು. ವಾಸನೆ ನಿಂತೋಯ್ತು. ಮೇಲೊಂದು ತೆಳ್ಳಗಿನ ಹೊಸ ಚರ್ಮ. ಡಾಕ್ಟ್ರು ನಿಂತು ನೋಡಿ "ಬುಧವಾರ ನಿಲ್ಲಿಸೋಣ" ಅಂದ್ರು. ಮಾರಕ್ಕ ಅವನ ಚಪ್ಪಲಿ ಒರೆಸಿ ಮಂಚದ ಕೆಳಗೆ ಜೋಡಿಸಿಟ್ಳು.

ಸೋಮವಾರ ಸುದ್ದಿ ಬಂತು. ಯಾವ ಆಸ್ಪತ್ರೆ ಚೆನ್ನಾಗಿದೆ ಅಂತ ಮಾರ್ಕ್ಸ್ ಕೊಡೋ ತಂಡ ನಾಳೆಯೇ ಬರುತ್ತಂತೆ. ಅಯ್ಯೋ, ಶಾಲೆಗೆ ಇನ್‌ಸ್ಪೆಕ್ಟರ್ ಬಂದ ಹಂಗೇ! ಗೋಡೆಗೆ ಸುಣ್ಣ, ಫಿನಾಯಿಲ್ ಹೊಳೆ, ನಾಯಿಗಳಿಗೆಲ್ಲ ರಜೆ. ಹೊಸದಾಗಿ ಒಂದು 'ಮಾದರಿ ವಾರ್ಡು' ಮಾಡಿದ್ರು. ಅಲ್ಲಿ ಗಾಳಿ ಹಾಸಿಗೆ ತೋರಿಸ್ಬೇಕಿತ್ತು. ಪರಮಶಿವಯ್ಯ ಸ್ಟೋರಿಗೆ ಓಡಿ ನೋಡಿದ್ರೆ, ಜೋಪಾನವಾಗಿಟ್ಟಿದ್ದ ನನ್ನ ಹತ್ತೊಂಬತ್ತು ಅಣ್ಣತಮ್ಮಂದಿರ ಪೈಪೆಲ್ಲ ಇಲಿ ಕಡಿದಿತ್ತು. ಉಸಿರಿದ್ದಿದ್ದು ಒಂದಕ್ಕೇ. ಹೊರಗೆ ಬಳಸ್ತಿದ್ದ ನನಗೆ.

ಅಟೆಂಡರ್ ಗುರುಮೂರ್ತಿ ಬಂದು ನನ್ನ ಎಳೆಯಕ್ಕೆ ಶುರು ಮಾಡಿದ.

"ಎಲ್ಲಿಗಣ್ಣ?" ಅಂದ್ಳು ಮಾರಕ್ಕ.

"ಒಂದೇ ದಿನ ಕಣಮ್ಮ. ಸಾಹೇಬ್ರು ನೋಡಿ ಹೋಗ್ಲಿ, ತಂದ್ಕೊಡ್ತೀನಿ."

"ಸಾಹೇಬ್ರು ಇಲ್ಲೇ ಬಂದು ನೋಡ್ಲಿ! ಇಲ್ಲಿ ಮನುಷ್ಯ ಮಲಗವ್ನೆ, ಇನ್ನೂ ಚಂದಾಗಿ ಕಾಣ್ತೈತೆ!"

"ಇಲ್ಲಿ ಗೋಡೆ ಕಿತ್ತೋಗಿದೆಯಲ್ಲಮ್ಮ," ಅಂದ ಗುರುಮೂರ್ತಿ. ಸಾಕೆಟ್ಟಿನ ಮೇಲಿದ್ದ ಪ್ಲಾಸ್ಟರನ್ನೂ ಕಿತ್ತ, ಅಸಹ್ಯವಾಗಿ ಕಾಣುತ್ತೆ ಅಂತ. ಹೇಮಲತಾ ಸಿಸ್ಟರಿಗೆ ಆವತ್ತು ರಂಗೋಲಿ ಡ್ಯೂಟಿ.

ಮಾದರಿ ವಾರ್ಡಲ್ಲಿ ಮಂಚಕ್ಕೊಂದು ಸಾಕೆಟ್ಟು. ನಿಜವಾಗ್ಲೂ! ರೋಗಿಗಳು ಮಾತ್ರ ಇರಲಿಲ್ಲ, ಗಲೀಜಾಗುತ್ತೆ ಅಂತ. ನನ್ನ ಮೇಲೆ ಇಸ್ತ್ರಿ ಮಾಡಿದ ಬೆಡ್‌ಶೀಟ್ ಹಾಸಿದ್ರು. ಅದ್ರ ಮೇಲೆ "ರೋಗಿಯ ನೆಮ್ಮದಿಯೇ ನಮ್ಮ ಗುರಿ" ಅಂತ ಬಣ್ಣದ ಕಾಗದ. ಕಾಗದ ಜಾರ್ತಾ ಇತ್ತು. ಗುರುಮೂರ್ತಿ ಜೇಬಿಂದ ಗುಂಡುಪಿನ್ನು ತೆಗೆದು ಕಾಗದಾನೂ ಬೆಡ್‌ಶೀಟನ್ನೂ ಸೇರಿಸಿ ಚುಚ್ಚಿದ.

ಚುಚ್ಚಿದ್ದು ನನಗೆ. ನಡೂ ಸೊಂಟಕ್ಕೆ.

ತಂಡದವರು ಬಂದ್ರು. ಒಬ್ರು ಬೆರಳಲ್ಲಿ ಒತ್ತಿ "ಗುಡ್" ಅಂದ್ರು. ಮುಂದಕ್ಕೆ ಹೋದ್ರು. ಪಿನ್ನು ಕಿತ್ತು, ಸುತ್ತಿ, ಸ್ಟೋರಿಗೆ ಹಾಕಿ ಬೀಗ. ಪರಮಶಿವಯ್ಯ ಕೀ ಜೇಬಲ್ಲಿಟ್ಕೊಂಡು ಬೇರೆ ಊರಿಗೆ ಟ್ರೈನಿಂಗಿಗೆ ಹೋದ. ಸಾಮಾನು ಜೋಪಾನ ಮಾಡೋದು ಹೇಗೆ ಅಂತ ಟ್ರೈನಿಂಗು. ಸುಳ್ಳಲ್ಲ ಕಣ್ರೀ.

ಬುಧವಾರ ಬಂತು, ಹೋಯ್ತು. ಮಾರಕ್ಕ ದಿನಾ ಸ್ಟೋರ್ ಬಾಗಿಲಿಗೆ ಬರೋಳು. ಕೈಯಲ್ಲಿ ಬಡಿಯೋಳು. "ಒಳಗೈತೆ ಕಣಣ್ಣಾ, ನಮ್ ಹಾಸಿಗೆ ಇಲ್ಲೇ ಒಳಗೈತೆ, ಯಾರಾದ್ರೂ ತೆಗೀರಣ್ಣಾ!" ನಾನು ಬಾಗಿಲಿಂದ ಮೂರು ಮಾರು ದೂರದಲ್ಲಿದ್ದೆ. ಹೇಮಲತಾ ಸಿಸ್ಟರು ಬೀಗ ಒಡೀತೀನಿ ಅಂತ ನಿಂತ್ರು. "ಒಡೀರಿ, ಸಸ್ಪೆಂಡಾದ್ಮೇಲೆ ಆರಾಮಾಗಿ ಮನೇಲಿರಿ," ಅಂತ ಮೇಲಿನೋರು ಅಂದ್ರಂತೆ. ಆ ವಾರ್ಡಿಗೆ ಇದ್ದಿದ್ದೇ ಒಬ್ರು ಸಿಸ್ಟರು. ವಾರ್ಡಿಗೆ ವಾಪಸ್ ಹೋದ್ರು.

ಎಂಟು ದಿನ ಆದ್ಮೇಲೆ ಪರಮಶಿವಯ್ಯ ಬಂದ, ನನ್ನ ಕೊಟ್ರು. ಪಂಪು ಗುರ್ರ್ ಅಂತು. ಎಲ್ಲಾ ಸಾಲೂ ಎದ್ವು, ಸೊಂಟದ ಸಾಲು ಏಳಲಿಲ್ಲ. ಎಲ್ಲಿ ಬೇಕಿತ್ತೋ ಅಲ್ಲೇ ಇಲ್ಲ. ಮಾರಕ್ಕ ಕೈಯಾಡಿಸಿ ತೂತು ಹುಡುಕಿದ್ಳು. ಅಳಿಯದೇವ್ರು ಓಡಿ ಸೈಕಲ್ ಅಂಗಡಿಯಿಂದ ಟ್ಯೂಬ್ ಚೂರು, ಸೊಲ್ಯೂಷನ್ ತಂದ. ಅವಳೇ ಉಜ್ಜಿ, ಅಂಟಿಸಿ, ಅಂಗೈಯಲ್ಲಿ ಒತ್ತಿ ಹಿಡ್ಕೊಂಡು ಕೂತ್ಳು. ಸಾಲು ಎದ್ದಿತು! ವಾರ್ಡೇ ಖುಷಿ ಪಡ್ತು. ಆದ್ರೆ ತಿಪ್ಪೇಶನ ಮೈ ಮುಟ್ಟಿದ ತಕ್ಷಣ ನಂಗೆ ಗೊತ್ತಾಯ್ತು. ಕೆಂಡ. ಹೊಸ ಚರ್ಮ ಹೋಗಿತ್ತು. ಒಳಗೆ ಮುಷ್ಟಿ ಹೋಗೋ ಅಷ್ಟು ಗುಂಡಿ.

ಡಾಕ್ಟ್ರು ನೋಡಿ ಮಾರಕ್ಕನಿಗೇ ಬೈದ್ರು. "ಮಗ್ಗಲು ಬದಲಾಯಿಸಿ ಅಂತ ಹೇಳಿರಲಿಲ್ವೇನಮ್ಮ? ನೀವು ಸರಿಯಾಗಿ ನೋಡ್ಕೊಳ್ಳಲ್ಲ, ಆಮೇಲೆ ಆಸ್ಪತ್ರೆ ಸರಿಯಿಲ್ಲ ಅಂತೀರ. ಬೆಂಗಳೂರಿಗೆ ಕರ್ಕೊಂಡ್ಹೋಗಿ."

ಕಿಟಕಿಯಿಂದ ಗೇಟು ಕಾಣ್ತಿತ್ತು. ಅವನನ್ನ ಹತ್ತಿಸ್ಕೊಂಡ ಆಂಬುಲೆನ್ಸ್ ಗೇಟಲ್ಲಿ ನಿಂತೇ ಇತ್ತು, ಯಾಕಂದ್ರೆ ಅಡ್ಡ ಒಂದು ಏಣಿ. ತಂಡದವರು ಮಾರ್ಕ್ಸ್ ಕೊಟ್ಟು ಆಸ್ಪತ್ರೆಗೆ ಬಹುಮಾನ ಬಂದಿತ್ತು, ಅದ್ರ ಫ್ಲೆಕ್ಸ್ ಕಟ್ತಿದ್ರು. ತಿಪ್ಪೇಶ ಒಳಗಿಂದ ತಲೆ ಎತ್ತಿ ಏಣಿ ಮೇಲಿನೋನಿಗೆ ಏನೋ ಕೂಗಿದ. ಕಳಿಸಕ್ಕೆ ಹೋಗಿದ್ದ ಅಳಿಯದೇವ್ರು ಬಂದು ವಾರ್ಡಿಗೆಲ್ಲ ಹೇಳಿದ. "ಮೊದ್ಲು ನಿನ್ನ ಸೊಂಟಕ್ಕೆ ಹಗ್ಗ ಕಟ್ಕಳೋ ತಮ್ಮಾ, ಇಲ್ಲಿ ಬಿದ್ರೆ ಹತ್ರ ಅಂತ ನಂಬ್ಕಬ್ಯಾಡ" ಅಂದ್ನಂತೆ.

ಟೋಲ್ ಗೇಟ್ ದಾಟೋದ್ರೊಳಗೆ ತಿಪ್ಪೇಶನ ಜೀವ ಹೋಯ್ತಂತೆ. ಚಪ್ಪಲಿ ಮಂಚದ ಕೆಳಗೇ ಇತ್ತು.

ಪರಮಶಿವಯ್ಯ ನನ್ನ ವಾಪಸ್ ತಗೊಳ್ವಾಗ ತೇಪೆ ನೋಡಿ ಕೂಗಾಡಿದ. "ಸರ್ಕಾರಿ ಮಾಲಿಗೆ ಪಂಚರ್ ಹಾಕಿದ್ಯಾರು? ಇದಕ್ಕೇ ಹೇಳಿದ್ದು, ಕೊಟ್ರೆ ಹಾಳು ಮಾಡ್ತಾರೆ ಅಂತ!" ಹೇಮಲತಾ ಸಿಸ್ಟರು ತೇಪೆ ಮೇಲೆ ಒಂದ್ಸಲ ಕೈ ಸವರಿ ಹೋದ್ರು.

ಹಾಳಾದ ಮಾಲು ಅಂತ ಬರ್ಕೊಂಡ್ರು, ನಾವು ಇಪ್ಪತ್ತೂ ಜನ ಗುಜರಿ ಸೇರಿದ್ವಿ. ಗುಜರಿ ಇಲಿಯಾಸ್ ಸಾಬ್ರು ನನ್ನ ಮೈ ಕತ್ತರಿಸಿ ಮಾರಿದ್ರು. ಒಂದು ತುಂಡು ಯಾರದೋ ಬೈಕಿಗೆ ಹೊದಿಕೆ ಆಯ್ತು. ತೇಪೆ ಇದ್ದ ತುಂಡು ಎಲ್ಲಿ ಹೋಯ್ತೋ. ಉಳಿದಿದ್ದು ಪಂಪು. ಅಂದ್ರೆ ಉಸಿರು. ಅದನ್ನ ಸಾಬ್ರ ಮಗಳು ಮುಬೀನಾ ತನ್ನ ಗಾಜಿನ ತೊಟ್ಟಿಗೆ ಹಾಕ್ಕೊಂಡ್ಳು. ಆರು ಕೆಂಪು ಮೀನು. ನನ್ನ ಗಾಳಿ ಪೈಪಲ್ಲಿ ಹೋಗಿ ನೀರಲ್ಲಿ ಗುಳ್ಳೆ ಗುಳ್ಳೆ ಏಳುತ್ತೆ. ಹುಟ್ಟಿದ ದಿನ ಏಳಬಾರದು ಅಂತಿದ್ರಲ್ಲ, ಅದೇ ಗುಳ್ಳೆ.

ನನಗೆ ಅಂತಲೇ ಒಂದು ಸಾಕೆಟ್ಟಿದೆ ಇಲ್ಲಿ. ಪಕ್ಕದಲ್ಲಿ ಮುಬೀನಾ ಸ್ಕೆಚ್ ಪೆನ್ನಲ್ಲಿ ಬರೆದು ಅಂಟಿಸಿದ್ದಾಳೆ. "ತೆಗೀಬೇಡಿ. ಮೀನು ಸಾಯ್ತವೆ."

ಯಾರೂ ತೆಗೆಯಲ್ಲ. ಆರೂ ಚೆನ್ನಾಗಿವೆ.